ಮೊದಲ ಬಂದೂಕು ಯಾವುದು ತಗೊಳ್ಳಬೇಕು?

ಗುರಿ ಕಲಿಯೋದೇ ನಿಮ್ಮ ಉದ್ದೇಶವಾದರೆ ಪಾಯಿಂಟ್ ಟೂ ಟೂ ರೈಫಲ್ (ನಳಿಗೆಯ ತೂತು ಸುಮಾರು 0.22 ಇಂಚಿನದು) ಸಾಕು, ಯಾಕೆಂದರೆ ಅದು ಭುಜಕ್ಕೆ ಒದೆಯೋದು ಬಹಳ ಕಡಿಮೆ. ಅದರ ಗುಂಡು ಸುಮಾರು 2.6 ಗ್ರಾಂ ಅಷ್ಟೇ. ಜೋರಾಗಿ ಒದೆಯುವ ಬಂದೂಕಿನಿಂದ ನಾಲ್ಕು ಸಲ ಏಟು ತಿಂದರೆ ಐದನೇ ಸಲ ಮೈ ಮೊದಲೇ ಹೆದರುತ್ತದೆ: ಟ್ರಿಗರ್ ಎಳೆಯುವಾಗಲೇ ಕಣ್ಣು ಮುಚ್ಚುತ್ತದೆ, ಭುಜ ಮುಂದಕ್ಕೆ ತಳ್ಳುತ್ತದೆ, ಗುಂಡು ಎಲ್ಲಿಗೋ ಹೋಗುತ್ತದೆ. ಈ ಚಾಳಿ ಅಂಟಿದರೆ ಬಿಡಿಸೋದು ಕಷ್ಟ.

ಪಿಸ್ತೂಲು ಚಿಕ್ಕದು, ಸುಲಭ ಅನ್ನಿಸುತ್ತದೆ ಅಲ್ವಾ? ಉಲ್ಟಾ. ನಳಿಗೆ ಗಿಡ್ಡ, ಭುಜದ ಆಸರೆಯೂ ಇಲ್ಲ, ಕೈ ಸ್ವಲ್ಪ ಅಲುಗಿದರೂ ಗುರಿ ತಪ್ಪುತ್ತದೆ. ಗಾಳಿಗೆ ಎಸೆದ ಮಣ್ಣಿನ ಬಿಲ್ಲೆಗೆ ಹೊಡೆಯುವ ಆಸೆ ಇದ್ದರೆ ಮಾತ್ರ ಚರೆ, ಅಂದರೆ ಸಣ್ಣ ಸಣ್ಣ ಗುಂಡು, ಚದುರಿಸುವ ಶಾಟ್‌ಗನ್ ನೋಡಿ. ರೈಫಲ್ ಆಗಲಿ ಶಾಟ್‌ಗನ್ ಆಗಲಿ, ಕೊಳ್ಳುವ ಮುಂಚೆ ಭುಜಕ್ಕಿಟ್ಟು ನೋಡಿ, ಕತ್ತು ಚಾಚದೆ ಕಣ್ಣು ಗುರಿಗೆ ನೇರ ಬರಬೇಕು. ಲೈಸೆನ್ಸು, ಬೀಗದ ಪೆಟ್ಟಿಗೆ ಅದಕ್ಕೂ ಮೊದಲು.