ಯಾಮಝಾಕಿ 18 ಎಂಬ ಹದಿನೆಂಟು ವರ್ಷದ ಜಪಾನಿ ವಿಸ್ಕಿಯ ಬಾಟಲಿಯನ್ನು ಏಳು ವರ್ಷ ಎತ್ತಿಟ್ಟರೆ 25 ವರ್ಷದ್ದಾಗುತ್ತಾ?

ಆಗಲ್ಲ. ಏಳಲ್ಲ, ಎಪ್ಪತ್ತು ವರ್ಷ ಇಟ್ಟರೂ ಅದು 18 ವರ್ಷದ್ದೇ. ನೀವು ಹಾಕಿದ ಲೆಕ್ಕವನ್ನೇ ಹಾಕಿ ನಾನು ಒಂದು ಬಾಟಲಿ ಹಾಳು ಮಾಡಿಕೊಂಡಿದ್ದೇನೆ.

ಒಸಾಕಾದಲ್ಲಿ ಮೂರು ವರ್ಷ ಕೆಲಸ ಮಾಡಿ ಬೆಂಗಳೂರಿಗೆ ಹೊರಟಾಗ ಅಲ್ಲಿನ ಬಾಸ್ ಕೊಟ್ಟಿದ್ದು ಅದು. ಅದಕ್ಕೂ ಮೊದಲು ಒಂದು ಭಾನುವಾರ ಯಾಮಝಾಕಿ ಡಿಸ್ಟಿಲರಿಗೂ ಕರೆದುಕೊಂಡು ಹೋಗಿದ್ದರು. ಒಸಾಕಾ, ಕ್ಯೋಟೊ ನಡುವಿನ ಊರು. ರೈಲಿಳಿದು ಹತ್ತು ನಿಮಿಷ ನಡೆದರೆ ಸಾಕು. ಹತ್ತಿರದಲ್ಲೇ ಮೂರು ನದಿ ಸೇರುತ್ತವೆ, ಮಂಜು ಜಾಸ್ತಿ. 1923ರಲ್ಲಿ ಡಿಸ್ಟಿಲರಿ ಶುರು ಮಾಡಿದ ಶಿಂಜಿರೊ ತೊರೀ ಈ ಜಾಗ ಆರಿಸಿದ್ದು ಅಲ್ಲಿನ ನೀರು, ಹವೆ ನೋಡಿಯೇ. ಪೀಪಾಯಿಗಳ ಸಾಲು ತೋರಿಸಿ ಬಾಸ್ "ರುಚಿ ಕೊಡೋದು ಈ ಮರ" ಅಂದರು. ನಾನು ಹೂಂ ಅಂದೆ. ತಲೆಗೆ ಹೋಗಲಿಲ್ಲ.

ಅಲ್ಲೇ ಒಂದು ಸಣ್ಣ ಗ್ಲಾಸ್ 18 ಕುಡಿದೆ. ಮೊದಲು ಒಣದ್ರಾಕ್ಷಿ, ಅಂಜೂರ, ಕಪ್ಪು ಚಾಕೊಲೇಟು. ಅದು ಶೆರ್ರಿ ಎಂಬ ಸ್ಪೇನಿನ ವೈನ್ ಇಟ್ಟಿದ್ದ ಪೀಪಾಯಿಯ ಗುಣ. ನುಂಗಿದ ಮೇಲೆ ಗಂಧದ ಕೊರಡು ತೇಯ್ದ ವಾಸನೆ! ನಮ್ಮಜ್ಜಿಯ ದೇವರ ಮನೆಗೇ ಹೋಗಿ ಬಂದಂತಾಯಿತು. ಅದು ಮಿಝುನಾರಾ ಎಂಬ ಜಪಾನಿ ಓಕ್ ಮರದ್ದು. ಯುದ್ಧಕಾಲದಲ್ಲಿ ಹೊರಗಿನ ಪೀಪಾಯಿ ಸಿಗದೆ ಬಳಸಿದ ಮರವಂತೆ. ಸೋರುವುದು ಜಾಸ್ತಿ. ಶುರುವಿಗೆ ಬರೀ ಮರದ ಒಗರು, ಈ ಗಂಧ ಬರಲು ವರ್ಷಗಟ್ಟಲೆ ಬೇಕು.

ಇಷ್ಟೆಲ್ಲ ಕೇಳಿಯೂ ಮನೆಗೆ ಬಂದು ಏನು ಮಾಡಿದೆ ಗೊತ್ತಾ? ಬಾಟಲಿಯನ್ನು ಬೀರುವಿನಲ್ಲಿ ಅಡ್ಡ ಮಲಗಿಸಿದೆ. ವೈನ್ ಹಾಗೆ ಇಡುತ್ತಾರೆ ಅಂತ ಎಲ್ಲೋ ನೋಡಿದ್ದೆ. ವೈನ್‌ನಲ್ಲಿ ಆಲ್ಕೋಹಾಲ್ ಹದಿಮೂರು ಪರ್ಸೆಂಟ್ ಆಸುಪಾಸು, ಬಿರಡೆ ಒದ್ದೆಯಾಗಿದ್ದರೆ ಒಳ್ಳೆಯದು. ಇದರಲ್ಲಿ 43. ಅಷ್ಟು ಕಡಕ್ಕು ಸದಾ ತಾಗುತ್ತಿದ್ದರೆ ಬಿರಡೆ ಹಾಳಾಗುತ್ತದೆ, ಪುಡಿಯಾಗುತ್ತದೆ. ಸಾಲದ್ದಕ್ಕೆ ನಮ್ಮದು ಮೇಲಿನ ಮಹಡಿ, ಪಡುವಣ ಬಿಸಿಲಿನ ಕೋಣೆ. ಐದು ವರ್ಷ ಕಾದು, ನನ್ನ ನಲವತ್ತನೇ ಹುಟ್ಟುಹಬ್ಬಕ್ಕೆ ತೆಗೆದರೆ ಎರಡು ಬೆರಳಷ್ಟು ಸೋರಿಹೋಗಿತ್ತು. ಬಿರಡೆ ತಿರುಗಿಸಿದೆ, ಅರ್ಧ ಕೈಯಲ್ಲಿ, ಅರ್ಧ ಒಳಗೆ. ಟೀ ಜರಡಿಯಲ್ಲಿ ಸೋಸಿದೆ, ಆಮೇಲೆ ಪಂಚೆ ಬಟ್ಟೆಯಲ್ಲಿ. ಬಾಯಿಗಿಟ್ಟರೆ ನೆನೆದ ರಟ್ಟು. ಗಂಧ ಎಲ್ಲೋ ದೂರದ ಮನೆಯಿಂದ ಬಂದಷ್ಟು.

ವಿಸ್ಕಿಗೆ ವಯಸ್ಸಾಗುವುದು ಮರದೊಳಗೆ ಮಾತ್ರ. ಗಾಜಿಗೆ ಬಂದ ದಿನವೇ ಲೆಕ್ಕ ನಿಂತಿತು. ಅಂಕಿ ದೊಡ್ಡದಾದಷ್ಟೂ ರುಚಿ ಅನ್ನುವುದೂ ಸುಮ್ನೆ ಮಾತು. ನಮ್ಮ ಬೆಂಗಳೂರಿನ ಅಮೃತ್ ಡಿಸ್ಟಿಲರಿಯ ಪೀಪಾಯಿಗಳಿಂದ ಇಲ್ಲಿನ ಸೆಕೆಗೆ ವರ್ಷಕ್ಕೆ ಹತ್ತು ಪರ್ಸೆಂಟ್‌ಗೂ ಜಾಸ್ತಿ ಆವಿಯಾಗುತ್ತದೆ, ನಾಲ್ಕೈದು ವರ್ಷಕ್ಕೇ ಹದ ಬರುತ್ತದೆ. ಅದೇನು ಕಮ್ಮಿ ವಿಸ್ಕಿಯಾ?

ಹಾಗಾಗಿ ಮಾರಬೇಕಾ, ಇಡಬೇಕಾ ಅಂತ ನನ್ನನ್ನು ಕೇಳಬೇಡಿ. ಈ ಶನಿವಾರ ತೆಗೆಯಿರಿ. ಮೊದಲ ಪೆಗ್‌ಗೆ ಐಸು, ಸೋಡಾ ಬೇಡ, ಪಕ್ಕದಲ್ಲಿ ಕಾಂಗ್ರೆಸ್ ಕಡಲೆಬೀಜವಂತೂ ಬೇಡವೇ ಬೇಡ. ಗ್ಲಾಸಿಗೆ ಸುರಿದು ಹತ್ತು ನಿಮಿಷ ಬಿಡಿ, ನಾಲ್ಕು ಹನಿ ನೀರು ಹಾಕಿ. ಅಲ್ಲಿಯವರೆಗೆ, ಬಾಟಲಿ ಮಲಗಿಸಿದ್ದರೆ ಈಗಲೇ ಎದ್ದು ಹೋಗಿ ನೆಟ್ಟಗೆ ನಿಲ್ಲಿಸಿ.