ಅಡುಗೆಮನೆ ಚಿಮ್ನಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಚಿಮ್ನಿಯದೇ ಜಾಸ್ತಿ. ಹೊಸ ಮನೆ ಕಟ್ಟಿದವರು, ಫ್ಲ್ಯಾಟ್ ಕೊಂಡವರು, ಬಾಡಿಗೆ ಮನೆಯಲ್ಲಿರುವವರು, ಎಲ್ಲರೂ ಬರೆದಿದ್ದಾರೆ. ಯಾವ ಬಣ್ಣ, ಯಾವ ಮಾಡೆಲ್ ಅನ್ನುವ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು, ಮನೆಯವರ ಸುರಕ್ಷತೆಗೆ ಸಂಬಂಧಿಸಿದವನ್ನು ಮೊದಲು ತೆಗೆದುಕೊಂಡಿದ್ದೇನೆ.

ಮೊನ್ನೆ ಬೆಳಿಗ್ಗೆ ಅಡುಗೆಮನೆಯಲ್ಲಿ ಗ್ಯಾಸ್ ವಾಸನೆ ಬಂತು. ಅತ್ತೆ "ಬೇಗ ಚಿಮ್ನಿ ಹಾಕು" ಅಂದರು, ನಮ್ಮ ಯಜಮಾನರು "ಮುಟ್ಟಬೇಡ" ಅಂತ ಕೂಗಿದರು. ಯಾರು ಹೇಳಿದ್ದು ಸರಿ? (ಓದುಗರು, ದಾವಣಗೆರೆ)

ನಿಮ್ಮ ಯಜಮಾನರು ಹೇಳಿದ್ದೇ ಸರಿ. ಕೆಟ್ಟ ವಾಸನೆ ಹೊರಗೆ ಹಾಕುವುದಕ್ಕೇ ಅಲ್ವಾ ಚಿಮ್ನಿ ಇರುವುದು ಅಂತ ಅತ್ತೆಯವರಿಗೆ ಅನಿಸಿದ್ದು ಸಹಜ, ತುಂಬಾ ಮನೆಗಳಲ್ಲಿ ಹೀಗೇ ತಿಳಿದಿದ್ದಾರೆ. ಅದಕ್ಕೇ ಈ ಪತ್ರವನ್ನು ಮೊದಲು ಹಾಕಿದ್ದು.

ಸ್ವಿಚ್ ಒತ್ತಿದಾಗ ಅದರೊಳಗೆ ಸಣ್ಣ ಕಿಡಿ ಹಾರುತ್ತದೆ. ನಮ್ಮ ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಗ್ಯಾಸ್ ತುಂಬಿದ ಕೋಣೆ ಹೊತ್ತಿಕೊಳ್ಳಲು ಅಷ್ಟು ಸಾಕು. ಇನ್ನೊಂದು ವಿಷಯ, ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ಒಂದೂವರೆ ಎರಡು ಪಟ್ಟು. ಸೋರಿದರೆ ಅದು ನೆಲದ ಮೇಲೆ, ಕಟ್ಟೆಯ ಕೆಳಗೆ, ಸಿಲಿಂಡರ್ ಇಟ್ಟ ಕಬೋರ್ಡಿನೊಳಗೆ ತುಂಬಿಕೊಳ್ಳುತ್ತದೆ. ಚಿಮ್ನಿ ಇರುವುದು ನಿಮ್ಮ ತಲೆಯ ಮಟ್ಟದಲ್ಲಿ. ಕೆಳಗೆ ಕೂತ ಗ್ಯಾಸನ್ನು ಅದು ಪೂರ್ತಿ ಎಳೆದು ಹಾಕಲಾರದು, ಬೆಂಕಿ ಹೊತ್ತಿಸುವ ಅಪಾಯ ಮಾತ್ರ ಇದ್ದೇ ಇರುತ್ತದೆ. ಗ್ಯಾಸ್ ಸೆನ್ಸರ್ ಇರುವ ಚಿಮ್ನಿ ಅಂತ ಮಾರುವವರೂ ಇದ್ದಾರೆ. ಗ್ಯಾಸ್ ಕೆಳಗೆ, ಸೆನ್ಸರ್ ಮೇಲೆ, ದಯವಿಟ್ಟು ಅದೊಂದನ್ನೇ ನಂಬಿ ಇರಬೇಡಿ.

ಮಾಡಬೇಕಾದ್ದು ಇಷ್ಟು. ಉರಿಯುತ್ತಿರುವ ಒಲೆ, ದೇವರ ದೀಪ, ಊದುಬತ್ತಿ ಎಲ್ಲ ಆರಿಸಿ. ರೆಗ್ಯುಲೇಟರ್ ತಿರುಗಿಸಿ ಬಂದ್ ಮಾಡಿ. ಕಿಟಕಿ ಬಾಗಿಲು ಪೂರ್ತಿ ತೆರೆಯಿರಿ. ಯಾವ ಸ್ವಿಚ್ಚನ್ನೂ ಹಾಕಬೇಡಿ, ತೆಗೆಯಲೂಬೇಡಿ. ಲೈಟ್ ಉರಿಯುತ್ತಿದ್ದರೆ ಉರಿಯಲಿ, ಚಿಮ್ನಿ ಮೊದಲೇ ಓಡುತ್ತಿದ್ದರೆ ಓಡಲಿ, ಮೇನ್ ಸ್ವಿಚ್ ಮನೆಯಿಂದ ಹೊರಗೆ ವಾಸನೆಯೇ ಇಲ್ಲದ ಕಡೆ ಇದ್ದರೆ ಮಾತ್ರ ಅಲ್ಲಿಂದ ಕರೆಂಟ್ ತೆಗೆಯಬಹುದು. ಮಕ್ಕಳು, ವಯಸ್ಸಾದವರನ್ನು ಕರೆದುಕೊಂಡು ಹೊರಗೆ ಬನ್ನಿ. ಹೊರಗೆ ಬಂದ ಮೇಲೆ 1906ಕ್ಕೆ ಫೋನ್ ಮಾಡಿ. ಅದು ಎಲ್‌ಪಿಜಿ ಸೋರಿಕೆಗೆಂದೇ ಇರುವ ತುರ್ತು ನಂಬರ್, ಹಗಲು ರಾತ್ರಿ ಯಾವಾಗಲೂ ಇರುತ್ತದೆ. ಫ್ರಿಜ್ ಬಾಗಿಲ ಮೇಲೆ ದೊಡ್ಡದಾಗಿ ಬರೆದು ಅಂಟಿಸಿ.

ಬೆಂಗಳೂರಿನಲ್ಲಿ ಪೈಪ್ ಗ್ಯಾಸ್ ಇರುವವರಿಗೆ ಒಂದು ಮಾತು. ಆ ಗ್ಯಾಸ್ ಗಾಳಿಗಿಂತ ಹಗುರ, ಮೇಲಕ್ಕೇರುತ್ತದೆ. ಅಂದರೆ ನೇರ ಚಿಮ್ನಿಯ ಹತ್ತಿರವೇ ಸೇರುತ್ತದೆ. ಹಾಗಾಗಿ ನೀವಂತೂ ಅದರ ಸ್ವಿಚ್ ಮುಟ್ಟಲೇಬೇಡಿ.

ಫ್ಲ್ಯಾಟಿನಲ್ಲಿ ಎಕ್ಸಾಸ್ಟಿಗೆ ಬಿಲ್ಡರ್ ಬಿಟ್ಟ 4 ಇಂಚಿನ ತೂತು ಇದೆ. ಚಿಮ್ನಿ ಪೈಪನ್ನು ಅದಕ್ಕೇ ಸೇರಿಸುತ್ತೇನೆ, ಇಲ್ಲದಿದ್ದರೆ ಫಾಲ್ಸ್ ಸೀಲಿಂಗ್ ಒಳಗೆ ಬಿಡುತ್ತೇನೆ ಅಂತ ಫಿಟ್ಟಿಂಗ್ ಹುಡುಗ ಹೇಳುತ್ತಾನೆ. ಒಪ್ಪಬಹುದೇ? (ಓದುಗರು, ವೈಟ್‌ಫೀಲ್ಡ್)

ಎರಡಕ್ಕೂ ಒಪ್ಪಬೇಡಿ.

ಫಾಲ್ಸ್ ಸೀಲಿಂಗ್ ಮಾತು ಮೊದಲು. ನೀವು ಒಗ್ಗರಣೆ ಹಾಕಿದಾಗ ಮೇಲೇಳುವುದು ಬರೀ ಹೊಗೆಯಲ್ಲ, ಅದರಲ್ಲಿ ಎಣ್ಣೆಯ ಸಣ್ಣ ಹನಿಗಳಿರುತ್ತವೆ, ನೀರಿನ ಆವಿ ಇರುತ್ತದೆ. ಅದನ್ನು ಸೀಲಿಂಗ್ ಒಳಗೆ ಬಿಟ್ಟರೆ ಅಲ್ಲಿರುವ ಕರೆಂಟ್ ವೈರುಗಳ ಮೇಲೆ, ಚೌಕಟ್ಟಿನ ಮೇಲೆ ಜಿಡ್ಡು ಪದರ ಪದರವಾಗಿ ಕೂರುತ್ತದೆ. ನೀವು ನೋಡಲಾಗದ, ಒರೆಸಲಾಗದ ಜಾಗ ಅದು. ಒಂದು ದಿನ ಅಲ್ಲೊಂದು ವೈರ್ ಬಿಸಿಯಾದರೆ ಬೆಂಕಿಗೆ ಬೇಕಾದ್ದೆಲ್ಲ ನಾವೇ ಕೂಡಿಸಿಟ್ಟಂತೆ. ಅಟ್ಟಕ್ಕೆ, ಕಟ್ಟಡದ ಶಾಫ್ಟಿಗೆ, ಬಾತ್‌ರೂಮಿನ ಗ್ಯಾಸ್ ಗೀಸರ್ ಪೈಪಿಗೆ ಸೇರಿಸುವುದೂ ಬೇಡ. ಪೈಪಿನ ತುದಿ ಬಯಲಿಗೇ ತೆರೆಯಬೇಕು. ಗಾಜು ಹಾಕಿ ಮುಚ್ಚಿದ ಯುಟಿಲಿಟಿಯನ್ನು ಬಯಲು ಅನ್ನಲಾಗುವುದಿಲ್ಲ.

ಇನ್ನು 4 ಇಂಚಿನ ತೂತು. ಸಾಮಾನ್ಯ ಚಿಮ್ನಿಯ ಬಾಯಿ 6 ಇಂಚು, ಅಂದರೆ ಸುಮಾರು 150 ಮಿಲಿಮೀಟರ್. ನಾಲ್ಕಕ್ಕೆ ಇಳಿಸಿದರೆ ದಾರಿ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಮೋಟರ್ ಒದ್ದಾಡುತ್ತದೆ, ಸದ್ದು ಏರುತ್ತದೆ, ಹೊಗೆ ಅಡುಗೆಮನೆಯಲ್ಲೇ ಉಳಿಯುತ್ತದೆ, ಹೊರಗೆ ಹೋಗದ ಎಣ್ಣೆ ಪೈಪಿನೊಳಗೇ ಅಂಟುತ್ತದೆ. ಚಿಮ್ನಿಗೆ ಮೂವತ್ತು ಸಾವಿರ ಕೊಟ್ಟು ಪೈಪಿನಲ್ಲಿ ಉಳಿತಾಯ ಮಾಡುವುದನ್ನು ಎಷ್ಟೋ ಮನೆಗಳಲ್ಲಿ ನೋಡುತ್ತೇನೆ, ಬೇಸರವಾಗುತ್ತದೆ. ದುಡ್ಡು ಕಡಿಮೆ ಇದ್ದರೆ ಸಾಧಾರಣ ಚಿಮ್ನಿ ತನ್ನಿ, ಪೈಪ್ ಮಾತ್ರ ಸರಿಯಾಗಿ ಹಾಕಿಸಿ.

ಹೊಸ ತೂತನ್ನು ಕೋರ್ ಕಟಿಂಗ್ ಮೆಷಿನ್ನಿನಲ್ಲಿ ತೆಗೆಸಬೇಕು, ಸುತ್ತಿಗೆ ಉಳಿಯಲ್ಲಿ ಒಡೆಸಬೇಡಿ. ಬೀಮ್, ಕಾಲಮ್ ಇರುವಲ್ಲಿ ಮುಟ್ಟುವ ಹಾಗೇ ಇಲ್ಲ. ಈಗಿನ ಎತ್ತರದ ಕಟ್ಟಡಗಳು ಕೆಲವು ಮೈವಾನ್ ಪದ್ಧತಿಯವು. ಅವುಗಳಲ್ಲಿ ಇಟ್ಟಿಗೆ ಗೋಡೆಯೇ ಇಲ್ಲ, ಪೂರ್ತಿ ಕಾಂಕ್ರೀಟು ಕಬ್ಬಿಣ, ಗೋಡೆಯೇ ಕಟ್ಟಡದ ಭಾರ ಹೊರುತ್ತದೆ. ನಿಮ್ಮದು ಅಂಥದಾದರೆ ಬಿಲ್ಡರ್ ಮತ್ತು ಅಸೋಸಿಯೇಷನ್ ಬರವಣಿಗೆಯಲ್ಲಿ ಒಪ್ಪಿಗೆ ಕೊಡುವ ತನಕ ಡ್ರಿಲ್ ಮುಟ್ಟಿಸಬೇಡಿ. ಕಿಟಕಿಯ ಮೇಲಿನ ಒಂದು ಗಾಜು ತೆಗೆಸಿ, ಅಲ್ಲಿ ತಗಡು ಕೂರಿಸಿ ಪೈಪ್ ಬಿಡುವ ದಾರಿಯೂ ಇದೆ. ನೋಡಲು ಅಷ್ಟು ಚೆನ್ನಾಗಿರುವುದಿಲ್ಲ, ಆದರೆ ಕೆಲಸಕ್ಕೆ ಏನೂ ಕೊರತೆ ಇಲ್ಲ.

ಪೈಪ್ ಅಲ್ಯೂಮಿನಿಯಂ ಅಥವಾ ಸ್ಟೀಲಿನದೇ ಆಗಲಿ. ನೀರಿನ ಪಿವಿಸಿ ಪೈಪ್ ಬೇಡ, ಬಿಸಿಗೆ ಮೆತ್ತಗಾಗುತ್ತದೆ, ಬೆಂಕಿ ಬಿದ್ದರೆ ವಿಷದ ಹೊಗೆ ಬರುತ್ತದೆ. ಉದ್ದ 3 ಮೀಟರ್ ಒಳಗಿರಲಿ, ತಿರುವು ಒಂದು, ಹೆಚ್ಚೆಂದರೆ ಎರಡು. ಮಡಚುವ ಪೈಪ್ ಆದರೆ ಪೂರ್ತಿ ಎಳೆದು ಬಿಗಿ ಮಾಡಿ, ಉಳಿದದ್ದನ್ನು ಕತ್ತರಿಸಲು ಹೇಳಿ, ಸುರುಳಿ ಸುರುಳಿಯಾಗಿ ತುರುಕಿದರೆ ಪ್ರತಿ ಮಡಿಕೆಯಲ್ಲೂ ಎಣ್ಣೆ ನಿಲ್ಲುತ್ತದೆ. ಪೈಪ್ ಹೊರಗಿನ ಕಡೆಗೆ ಸ್ವಲ್ಪ ಇಳಿಜಾರಾಗಿದ್ದರೆ ಮಳೆನೀರು ಒಳಗೆ ಬರುವುದಿಲ್ಲ. ಹೊರತುದಿಗೆ ತಾನೇ ಮುಚ್ಚಿಕೊಳ್ಳುವ ರೆಕ್ಕೆ ಇರುವ ಮುಚ್ಚಳ ಹಾಕಿಸಿ. ಇಲ್ಲದಿದ್ದರೆ ಪಾರಿವಾಳ ಗೂಡು ಕಟ್ಟುತ್ತದೆ. ಸಣ್ಣ ಕಣ್ಣಿನ ಜಾಲರಿ ಹಾಕಿದರೆ ಹಕ್ಕಿ ಬರುವುದಿಲ್ಲ ನಿಜ, ಆದರೆ ಅದೇ ಜಿಡ್ಡು ಕಟ್ಟಿ ಮುಚ್ಚಿಹೋಗುತ್ತದೆ.

ಒಲೆಯಿಂದ ಎಷ್ಟು ಎತ್ತರ ಇರಬೇಕು? (ಓದುಗರು, ತುಮಕೂರು)

ಗ್ಯಾಸ್ ಒಲೆಯ ಮೇಲ್ಭಾಗದಿಂದ ಸಾಮಾನ್ಯವಾಗಿ 65ರಿಂದ 75 ಸೆಂಟಿಮೀಟರ್. ನಿಮ್ಮ ಮಾಡೆಲ್ಲಿನ ಪುಸ್ತಕದಲ್ಲಿ ಬೇರೆ ಅಳತೆ ಕೊಟ್ಟಿದ್ದರೆ ಅದೇ ಅಂತಿಮ. ತಲೆ ತಾಗುತ್ತದೆ ಅಂತ ಮೇಲೇರಿಸಿದರೆ ಹೊಗೆ ಪಕ್ಕಕ್ಕೆ ಹೋಗುತ್ತದೆ, ಕೆಳಗಿಳಿಸಿದರೆ ಜಿಡ್ಡಿನ ಫಿಲ್ಟರಿಗೆ ಉರಿ ತಾಗುತ್ತದೆ. ಎರಡು ಮೂರು ಬರ್ನರಿಗೆ 60 ಸೆಂಟಿಮೀಟರ್ ಅಗಲದ್ದು ನಡೆಯುತ್ತದೆ, ನಾಲ್ಕಿದ್ದರೆ 90ರದ್ದು ತನ್ನಿ.

1200 ಸಕ್ಷನ್ ಇರುವ ಚಿಮ್ನಿ ತಂದೆವು. ಆದರೂ ಬ್ಯಾಡಗಿ ಮೆಣಸಿನಕಾಯಿ ಹುರಿದರೆ ಘಾಟು ಹಾಲಿನ ತನಕ ಬರುತ್ತದೆ, ಎಲ್ಲರಿಗೂ ಕೆಮ್ಮು. ಧೂಳು ಬರುತ್ತದೆ ಅಂತ ಕಿಟಕಿ ಮುಚ್ಚಿಯೇ ಇರುತ್ತೇವೆ. (ಓದುಗರು, ಹುಬ್ಬಳ್ಳಿ)

ಕಾರಣ ನಿಮ್ಮ ಪತ್ರದಲ್ಲೇ ಇದೆ, ಮುಚ್ಚಿದ ಕಿಟಕಿ. ಡಬ್ಬದ ಮೇಲಿನ 1200 ಅಂದರೆ ಗಂಟೆಗೆ 1200 ಘನ ಮೀಟರ್ ಗಾಳಿ, ಅದೂ ಪೈಪಿನ ಅಡ್ಡಿ ಏನೂ ಇಲ್ಲದಿದ್ದಾಗ. ಮನೆಯಲ್ಲಿ ಪೈಪು, ತಿರುವು, ಜಿಡ್ಡು ಎಲ್ಲ ಸೇರಿ ಅದಕ್ಕಿಂತ ಸಾಕಷ್ಟು ಕಡಿಮೆ ಸಿಗುತ್ತದೆ. ಇರಲಿ, ಅಷ್ಟು ಗಾಳಿ ಹೊರಗೆ ಹೋಗಬೇಕಾದರೆ ಅಷ್ಟೇ ಗಾಳಿ ಒಳಗೆ ಬರಬೇಕಲ್ವಾ? ಬರಲು ದಾರಿ ಇಲ್ಲದಿದ್ದರೆ ಫ್ಯಾನ್ ಸುಮ್ನೆ ತಿರುಗುತ್ತದೆ. ಒಲೆಯಿಂದ ದೂರದ ಒಂದು ಕಿಟಕಿಯನ್ನು ಸ್ವಲ್ಪ ತೆರೆದಿಡಿ. ಒಲೆ ಪಕ್ಕದ್ದನ್ನೇ ತೆರೆದರೆ ಗಾಳಿ ಹೊಗೆಯನ್ನು ಚದುರಿಸುತ್ತದೆ, ಸೀಲಿಂಗ್ ಫ್ಯಾನೂ ಹಾಗೆಯೇ ಮಾಡುತ್ತದೆ. ಬಾಣಲೆ ಇಡುವ ಎರಡು ಮೂರು ನಿಮಿಷ ಮೊದಲೇ ಚಿಮ್ನಿ ಹಾಕಿ. ಹುರಿದಾದ ಮೇಲೂ ಹತ್ತು ನಿಮಿಷ ಓಡಲಿ.

ಗ್ಯಾಸ್ ಗೀಸರ್ ಇರುವ ಮನೆಯವರು ಇದನ್ನು ತುಂಬಾ ಗಮನವಿಟ್ಟು ಓದಿ. ಮನೆ ಪೂರ್ತಿ ಮುಚ್ಚಿ ಜೋರಾಗಿ ಚಿಮ್ನಿ ಹಾಕಿದರೆ ಗಾಳಿ ಎಲ್ಲಿ ಸಂದು ಸಿಕ್ಕರೆ ಅಲ್ಲಿಂದ ನುಗ್ಗುತ್ತದೆ. ಗೀಸರಿನ ಹೊಗೆ ಕೊಳವೆಯಿಂದಲೂ ನುಗ್ಗಬಹುದು. ಆಗ ಹೊರಗೆ ಹೋಗಬೇಕಾದ ಕಾರ್ಬನ್ ಮೊನಾಕ್ಸೈಡ್ ಮನೆಯೊಳಗೇ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ, ಮಂಪರು, ಆಮೇಲೆ ಪ್ರಜ್ಞೆ ತಪ್ಪುತ್ತದೆ, ಜೀವವೇ ಹೋಗುತ್ತದೆ. ಗೀಸರ್ ಬಾತ್‌ರೂಮಿನ ಹೊರಗೆ, ಗಾಳಿಯಾಡುವ ಕಡೆ ಇರಲಿ. ಯಾರಾದರೂ ಸ್ನಾನಕ್ಕೆ ಹೋದಾಗ ಕಿಟಕಿ ಮುಚ್ಚಿ ಚಿಮ್ನಿ ಓಡಿಸಬೇಡಿ.

ಆಟೋ ಕ್ಲೀನ್ ಚಿಮ್ನಿ ತೊಳೆಯುವುದೇ ಬೇಡ ಅಂತ ಅಂಗಡಿಯವರು ಹೇಳಿದ್ದರು. ಈಗ ಎಣ್ಣೆ ತೊಟ್ಟಿಕ್ಕುತ್ತಿದೆ. (ಓದುಗರು, ಮೈಸೂರು)

ತೊಳೆಯುವುದೇ ಬೇಡ ಅನ್ನುವುದು ಸರಿಯಲ್ಲ. ಆಟೋ ಕ್ಲೀನಿನಲ್ಲಿ ಸಾಮಾನ್ಯವಾಗಿ ಒಳಗಿನ ಫ್ಯಾನ್ ಭಾಗವನ್ನು ಹೀಟರ್ ಬಿಸಿ ಮಾಡುತ್ತದೆ, ಕರಗಿದ ಎಣ್ಣೆ ಕೆಳಗಿನ ಬಟ್ಟಲಿಗೆ ಇಳಿಯುತ್ತದೆ. ಬಟ್ಟಲು ತುಂಬಿದರೆ ತೊಟ್ಟಿಕ್ಕುತ್ತದೆ, ನಿಮ್ಮಲ್ಲಿ ಆಗಿರುವುದು ಬಹುಶಃ ಅದೇ. ತೆಗೆದು ಖಾಲಿ ಮಾಡಿ. ಆ ಎಣ್ಣೆ ಒಲೆಯ ಉರಿಗೇ ಬೀಳುವ ಜಾಗ ಅದು, ಕಾಯಬೇಡಿ. ಆಟೋ ಕ್ಲೀನ್ ಹಾಕುವಾಗ ಒಲೆ ಆರಿರಬೇಕು. ಪೈಪನ್ನು ಅದು ಮುಟ್ಟುವುದೇ ಇಲ್ಲ, ಬ್ಯಾಫಲ್ ಫಿಲ್ಟರ್ (ಬಾಗಿದ ಲೋಹದ ಪಟ್ಟಿಗಳನ್ನು ಜೋಡಿಸಿದ ಫಿಲ್ಟರ್) ಇದ್ದರೆ ಅದನ್ನೂ ತೊಳೆಯುವುದಿಲ್ಲ.

ಫಿಲ್ಟರನ್ನು ಎರಡು ಮೂರು ವಾರಕ್ಕೊಮ್ಮೆ ಬಿಸಿನೀರು, ಪಾತ್ರೆ ತೊಳೆಯುವ ಸೋಪಿನಲ್ಲಿ ನೆನೆಸಿ ಉಜ್ಜಿ, ಚೆನ್ನಾಗಿ ಒಣಗಿಸಿ ಹಾಕಿ. ದಿನಾ ಮೀನು ಕರಿಯುವವರು, ಜಾಲರಿ ಫಿಲ್ಟರ್ ಇರುವವರು ಇನ್ನೂ ಬೇಗ ತೊಳೆಯಬೇಕು. ಅಲ್ಯೂಮಿನಿಯಂ ಭಾಗಕ್ಕೆ ಕಾಸ್ಟಿಕ್ ಸೋಡಾ ಹಾಕಬೇಡಿ, ಲೋಹವನ್ನೇ ತಿನ್ನುತ್ತದೆ. ಕೈ ಹಾಕುವ ಮೊದಲು ಪ್ಲಗ್ ಕಿತ್ತಿಡಿ. ಪ್ಲಗ್ಗಿನ ಮಾತು ಬಂತಲ್ಲ, ಅದು ಮೂರು ಪಿನ್ನಿನದು, ಅರ್ಥಿಂಗ್ ಸರಿಯಿರುವ ಸಾಕೆಟ್ಟಿನಲ್ಲೇ ಇರಬೇಕು. ಒಲೆಯ ನೇರ ಮೇಲೆ ಸಾಕೆಟ್ ಬೇಡ, ಎಕ್ಸ್‌ಟೆನ್ಷನ್ ವೈರ್ ಬೇಡ. ಚಿಮ್ನಿ ಮುಟ್ಟಿದಾಗ ಜುಮ್ ಅಂದರೆ ಅವತ್ತೇ ಎಲೆಕ್ಟ್ರಿಷಿಯನ್ನನ್ನು ಕರೆಸಿ.

ನಮ್ಮದು ತೀರ್ಥಹಳ್ಳಿ ಕಡೆಯ ಹಳ್ಳಿಮನೆ, ಇನ್ನೂ ಸೌದೆ ಒಲೆ ಇದೆ. ಅದರ ಮೇಲೆ ಕರೆಂಟ್ ಚಿಮ್ನಿ ಹಾಕಬಹುದೇ?

ಬೇಡ. ಸೌದೆಯ ಕಿಡಿ ಮೇಲಕ್ಕೆ ಹಾರುತ್ತದೆ, ಜಿಡ್ಡಿನ ಫಿಲ್ಟರಿಗೆ ತಾಗಿದರೆ ಹೊತ್ತಿಕೊಳ್ಳುತ್ತದೆ. ಸೌದೆ ಒಲೆಗೆ ಅದರದೇ ಹೊಗೆಕೊಳವೆ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ವಿಭಾಗದವರು 1980ರ ದಶಕದಲ್ಲಿ ರೂಪಿಸಿದ ಅಸ್ತ್ರ ಒಲೆ ಈಗಲೂ ಒಳ್ಳೆಯ ಆಯ್ಕೆ. ಮೂರು ಪಾತ್ರೆ ಒಟ್ಟಿಗೆ ಇಡಬಹುದು, ಸೌದೆ ಕಡಿಮೆ ಸಾಕು, ಹೊಗೆ ಕೊಳವೆಯಲ್ಲಿ ಹೊರಗೆ ಹೋಗುತ್ತದೆ. ಕೊಳವೆಯ ಮಸಿಯನ್ನು ಆಗಾಗ ತೆಗೆಯುತ್ತಿರಿ.

ಚಕ್ಕುಲಿ ಕರಿಯುವಾಗ ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ಚಿಮ್ನಿ ಜೋರು ಮಾಡಬೇಕೇ? (ಓದುಗರು, ಶಿರಸಿ)

ಜೋರು ಮಾಡಿದರೆ ಉರಿ ಫಿಲ್ಟರಿಗೆ, ಅಲ್ಲಿಂದ ಪೈಪಿಗೆ ಏರುತ್ತದೆ. ಕೈಗೆ ಸಿಗುವ ಹಾಗಿದ್ದರೆ ಗ್ಯಾಸ್ ಆರಿಸಿ, ಚಿಮ್ನಿ ಆಫ್ ಮಾಡಿ. ಅಗಲವಾದ ತಟ್ಟೆಯನ್ನೋ ಮುಚ್ಚಳವನ್ನೋ ಪಕ್ಕದಿಂದ ಸರಿಸಿ ಬಾಣಲೆ ಮುಚ್ಚಿ, ತಣ್ಣಗಾಗುವ ತನಕ ತೆರೆಯಬೇಡಿ. ನೀರು ಹಾಕಲೇಬೇಡಿ, ಉರಿಯುವ ಎಣ್ಣೆ ಮುಖಕ್ಕೇ ಸಿಡಿಯುತ್ತದೆ. ಬಾಣಲೆಯನ್ನು ಎತ್ತಿಕೊಂಡು ಓಡಬೇಡಿ. ಉರಿ ಆಗಲೇ ಚಿಮ್ನಿಯೊಳಗೆ ಹೋಗಿದ್ದರೆ ಆರಿಸಲು ನಿಲ್ಲಬೇಡಿ, ಎಲ್ಲರನ್ನೂ ಹೊರಗೆ ಕರೆತಂದು 112ಕ್ಕೆ ಫೋನ್ ಮಾಡಿ. ಕರಿಯುವಾಗ ಎಣ್ಣೆ ಹೊಗೆಯಾಡಲು ಶುರುವಾದರೆ ತಕ್ಷಣ ಉರಿ ತಗ್ಗಿಸಿ, ಫೋನ್ ಬಂತು ಅಂತ ಒಲೆ ಬಿಟ್ಟು ಹೋಗಬೇಡಿ.