ಗುಟ್ಟು ಮೊದಲೇ ಗೊತ್ತಿರುವಾಗ ‘ಡಾ. ಜೆಕಿಲ್ ಮತ್ತು ಮಿ. ಹೈಡ್’ ಪೂರ್ತಿ ಓದಬೇಕೇ?

ಪರೀಕ್ಷೆಗೆ ಎರಡು ವಾರ ಉಳಿದಿದೆ, ಸಿನಿಮಾ ನೋಡಿಯಾಗಿದೆ, ಸ್ಟೀವನ್‌ಸನ್ ಬರೆದ ಈ ಕಾದಂಬರಿಯ ವೈದ್ಯ ಜೆಕಿಲ್ ಮತ್ತು ಕೊಲೆಗಾರ ಹೈಡ್ ಒಬ್ಬನೇ, ಔಷಧ ಕುಡಿದು ಅವನು ಇವನಾಗುತ್ತಾನೆ ಎಂಬುದು ಲೋಕಕ್ಕೇ ಗೊತ್ತು. ಕೊನೆಯ ಅಧ್ಯಾಯ ಮತ್ತು ಗೈಡ್ ಸಾಕಲ್ಲವೇ ಎಂದು ಕೇಳಿದ್ದೀರಿ. ಎಂ.ಎ. ಓದುವಾಗ ನಾನು ಮಾಡಿದ್ದೂ ಇದನ್ನೇ, ಒಂದಕ್ಷರ ಹೆಚ್ಚುಕಡಿಮೆ ಇಲ್ಲದೆ.

ಹಾಸ್ಟೆಲಿನ ಗೆಳತಿಯ ಕಂಪ್ಯೂಟರಿನಲ್ಲಿ 1931ರ ಸಿನಿಮಾ ಇತ್ತು, ಫ್ರೆಡ್ರಿಕ್ ಮಾರ್ಚ್‌ಗೆ ಆಸ್ಕರ್ ತಂದುಕೊಟ್ಟದ್ದು. ರಾತ್ರಿ ಅದನ್ನು ನೋಡಿದೆ. ಮರುದಿನ ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಕೊನೆಯ ಅಧ್ಯಾಯವನ್ನು, ಅಂದರೆ ಜೆಕಿಲ್ ಬರೆದಿಟ್ಟ ತಪ್ಪೊಪ್ಪಿಗೆಯನ್ನು, ಎರಡು ಸಲ ಓದಿದೆ. ಹತ್ತು ಅಧ್ಯಾಯಗಳಲ್ಲಿ ಒಂದು. ಆ ಬಲದ ಮೇಲೆ 18 ಪುಟಗಳ ಸೆಮಿನಾರ್ ಪ್ರಬಂಧ ಬರೆದೆ. ಅದರಲ್ಲಿ 11 ಪುಟ ಜೆಕಿಲ್‌ಗೆ ನಿಶ್ಚಯವಾಗಿದ್ದ ಹುಡುಗಿಯ ಬಗ್ಗೆ: ಮದುವೆಯನ್ನು ಮುಂದೂಡುತ್ತಲೇ ಹೋಗುವ ಅವಳ ತಂದೆ, ಅದರಿಂದ ಜೆಕಿಲ್‌ನಲ್ಲಿ ಮಡುಗಟ್ಟುವ ಬಯಕೆ, ಅದು ಹೈಡ್ ಆಗಿ ಹೊರಗೆ ಬರುವುದು. ಓದಿ ಮುಗಿಸಿದಾಗ ನನಗೆ ನನ್ನ ಮೇಲೇ ಮೆಚ್ಚುಗೆ ಬಂದಿತ್ತು.

ಮೇಡಂ ಕೇಳಿದ್ದು ಒಂದೇ ಮಾತು: “ಆ ಹುಡುಗಿ ಯಾವ ಅಧ್ಯಾಯದಲ್ಲಿ ಬರುತ್ತಾಳೆ?”

ಬರುವುದಿಲ್ಲ. ಸ್ಟೀವನ್‌ಸನ್‌ನ ಪುಸ್ತಕದಲ್ಲಿ ಅವಳು ಇಲ್ಲವೇ ಇಲ್ಲ. ಅಲ್ಲಿರುವ ಹೆಂಗಸರು ಹೈಡ್ ತುಳಿದುಕೊಂಡು ಹೋಗುವ ಪುಟ್ಟ ಹುಡುಗಿ, ಕಿಟಕಿಯಿಂದ ಕೊಲೆಯನ್ನು ಕಂಡ ಕೆಲಸದಾಕೆ, ಲಂಡನ್ನಿನ ಸೋಹೋದಲ್ಲಿ ಹೈಡ್‌ನ ಮನೆ ನೋಡಿಕೊಳ್ಳುವ ಮುದುಕಿ, ಇಂಥವರು. ಒಬ್ಬಳಿಗೂ ಹೆಸರಿಲ್ಲ. ನಿಶ್ಚಯವಾದ ಹುಡುಗಿ ಹುಟ್ಟಿದ್ದು ರಂಗದ ಮೇಲೆ. ಪುಸ್ತಕ 1886ರ ಜನವರಿಯಲ್ಲಿ ಬಂತು. 1887ರಲ್ಲೇ ಅಮೆರಿಕದಲ್ಲಿ ನಾಟಕವಾಯಿತು. ರಿಚರ್ಡ್ ಮ್ಯಾನ್ಸ್‌ಫೀಲ್ಡ್ ಎಂಬ ನಟ ಎರಡೂ ಪಾತ್ರಗಳನ್ನು ತಾನೇ ಮಾಡಿದ, ಜೆಕಿಲ್‌ಗೆ ಒಬ್ಬ ಪ್ರೇಯಸಿಯನ್ನೂ ಕೊಟ್ಟರು. ಸಿನಿಮಾದವರು ಆ ದಾರಿಯನ್ನೇ ಹಿಡಿದರು.

ಇಲ್ಲದ ಪಾತ್ರವನ್ನು ಸೇರಿಸಿದ್ದಷ್ಟೇ ನನ್ನ ತಪ್ಪಾಗಿದ್ದರೆ ಅಂಕ ಹೋಯಿತು ಎಂದು ಸುಮ್ಮನಾಗುತ್ತಿದ್ದೆ. ಅದು ಅಷ್ಟಕ್ಕೇ ನಿಲ್ಲಲಿಲ್ಲ. ಹುಡುಗಿ ಬಂದಳೆಂದರೆ ಅವಳ ತಂದೆಯೂ ಬಂದ. ಸಿನಿಮಾದಲ್ಲಿ ಆ ತಂದೆಯೇ ಡ್ಯಾನ್ವರ್ಸ್ ಕೇರ್ಯೂ. ಹಾಗಾಗಿ ಹೈಡ್ ಅವನನ್ನು ಕೊಂದದ್ದಕ್ಕೆ ನನ್ನ ಪ್ರಬಂಧದಲ್ಲಿ ಅಚ್ಚುಕಟ್ಟಾದ ಕಾರಣ ಸಿಕ್ಕಿಬಿಟ್ಟಿತು: ಮದುವೆಗೆ ಅಡ್ಡ ನಿಂತ ಮಾವ. ಪುಸ್ತಕದಲ್ಲಿ ಕೇರ್ಯೂ ನೆರೆಗೂದಲಿನ ಸಂಸತ್ ಸದಸ್ಯ. ಬೆಳದಿಂಗಳ ರಾತ್ರಿ ಎದುರಿಗೆ ಬಂದವನನ್ನು ತಲೆಬಾಗಿ ಮಾತನಾಡಿಸುತ್ತಾನೆ, ಬಹುಶಃ ದಾರಿ ಕೇಳಲು. ಎದುರಿಗಿದ್ದವನು ಕೈಯಲ್ಲಿದ್ದ ಬೆತ್ತ ಮುರಿಯುವವರೆಗೆ ಹೊಡೆದು ಸಾಯಿಸುತ್ತಾನೆ. ಕಾರಣವೇ ಇಲ್ಲ. ಲೇಖಕ ಬೇಕೆಂದೇ ಖಾಲಿ ಬಿಟ್ಟ ಜಾಗಕ್ಕೆ ನಾನು ಸೀರಿಯಲ್ ಕಥೆ ತುಂಬಿದ್ದೆ. ಜೆಕಿಲ್‌ನ ಗುಟ್ಟಿನ ಸುಖಗಳು ಯಾವುವು ಎಂಬುದನ್ನೂ ಸ್ಟೀವನ್‌ಸನ್ ಹೇಳುವುದಿಲ್ಲ. ಘನತೆಗೆ ತಕ್ಕವಲ್ಲ ಎಂದಷ್ಟೇ ಜೆಕಿಲ್‌ನಿಂದ ಹೇಳಿಸುತ್ತಾನೆ. ಅಲ್ಲಿಗೂ ನಾನು ಒಬ್ಬ ಹೆಂಗಸನ್ನು ಕೂರಿಸಿದ್ದೆ. ಕೊನೆಯ ಅಧ್ಯಾಯವನ್ನು ಎರಡು ಸಲ ಓದಿಯೂ ಅವಳಿಲ್ಲ ಎಂಬುದು ಕಣ್ಣಿಗೆ ಬೀಳಲಿಲ್ಲ ಎಂದರೆ ನೋಡಿ. ಕಣ್ಣು ಪುಟದ ಮೇಲಿತ್ತು, ತಲೆಯಲ್ಲಿ ಸಿನಿಮಾ ಓಡುತ್ತಿತ್ತು.

ಪ್ರಬಂಧ ವಾಪಸು ಬಂತು. ಸಿಟ್ಟಿನಲ್ಲಿ, ಮೊದಲ ಪುಟದಿಂದ ಓದಿದೆ.

ಆಗ ತಿಳಿದದ್ದನ್ನೇ ನಿಮಗೆ ಹೇಳಬೇಕಾಗಿದೆ. “ಗುಟ್ಟು ಗೊತ್ತಿದೆ, ಇನ್ನೇನು ಉಳಿದಿದೆ” ಎಂಬ ನಿಮ್ಮ ಪ್ರಶ್ನೆಯ ಬುಡವೇ ಸರಿಯಿಲ್ಲ. ಗುಟ್ಟಿನ ಸುತ್ತ ಕುಳಿತ ದೊಡ್ಡ ಮನುಷ್ಯರು ಹೇಗೆ ಬಾಯಿ ಮುಚ್ಚಿಕೊಂಡಿರುತ್ತಾರೆ ಎಂಬುದೇ ಈ ಪುಸ್ತಕ. ಪ್ರಶ್ನೆ ಕೇಳುವುದೆಂದರೆ ಗುಡ್ಡದ ಮೇಲೆ ಕುಳಿತು ಕಲ್ಲು ಉರುಳಿಸಿದ ಹಾಗೆ, ಒಂದರಿಂದ ಇನ್ನೊಂದು ಉರುಳಿ ಕೊನೆಗೆ ಯಾವನೋ ಪಾಪದ ಮುದುಕ ತನ್ನ ಹಿತ್ತಲಲ್ಲೇ ಏಟು ತಿನ್ನುತ್ತಾನೆ ಎನ್ನುತ್ತಾನೆ, ಹೈಡ್ ಆ ಪುಟ್ಟ ಹುಡುಗಿಯನ್ನು ತುಳಿದದ್ದನ್ನು ಕಣ್ಣಾರೆ ಕಂಡ ಎನ್‌ಫೀಲ್ಡ್. ಅದಕ್ಕೇ ಅವನು ಏನನ್ನೂ ಕೇಳುವುದಿಲ್ಲ. ವಕೀಲ ಅಟರ್‌ಸನ್‌ನನ್ನು ನೋಡಿ. ಕೊಲೆಯ ಬೆತ್ತ ತಾನೇ ಜೆಕಿಲ್‌ಗೆ ಉಡುಗೊರೆ ಕೊಟ್ಟದ್ದು ಎಂದು ಅವನು ಗುರುತಿಸುತ್ತಾನೆ. ಹೈಡ್‌ನ ಪತ್ರದ ಅಕ್ಷರವೂ ಜೆಕಿಲ್‌ನ ಅಕ್ಷರವೂ ಒಂದೇ, ವಾಲಿಕೆ ಮಾತ್ರ ಬೇರೆ ಎಂದು ಗುಮಾಸ್ತ ತೋರಿಸಿಕೊಡುತ್ತಾನೆ. ಕೊಲೆಗಾರನಿಗಾಗಿ ಗೆಳೆಯ ಸುಳ್ಳು ಪತ್ರ ಸೃಷ್ಟಿಸಿದ್ದಾನೆಂದು ವಕೀಲನ ರಕ್ತ ತಣ್ಣಗಾಗುತ್ತದೆ. ಪೊಲೀಸರ ಬಳಿಗೆ ಹೋಗುತ್ತಾನೆಯೇ? ಪತ್ರವನ್ನು ತಿಜೋರಿಯಲ್ಲಿಟ್ಟು ಬೀಗ ಹಾಕುತ್ತಾನೆ. ಗೈಡಿನಲ್ಲಿ ಈ ಅಧ್ಯಾಯಕ್ಕೆ ನಾಲ್ಕು ಸಾಲು ಇರುತ್ತದೆ, ಅಷ್ಟೇ.

ಗೈಡಿನ ‘ಒಳಿತು ಮತ್ತು ಕೆಡುಕು’ ಉತ್ತರವನ್ನು ದಯವಿಟ್ಟು ಬರೆಯಬೇಡಿ. ಹೈಡ್ ಅಪ್ಪಟ ಕೆಡುಕು, ನಿಜ. ಜೆಕಿಲ್ ಅಪ್ಪಟ ಒಳಿತಲ್ಲ. ಅವನು ಮೊದಲಿನ ಬೆರಕೆಯಾಗಿಯೇ ಉಳಿಯುತ್ತಾನೆ. ಮನುಷ್ಯ ಇಬ್ಬರು ಎಂದವನೇ, ನನ್ನ ತಿಳಿವಳಿಕೆ ಅಲ್ಲಿಗೆ ನಿಲ್ಲುವುದರಿಂದ ಇಬ್ಬರು ಎನ್ನುತ್ತಿದ್ದೇನೆ, ಮುಂದಿನವರು ಇನ್ನೂ ಹೆಚ್ಚು ಮಂದಿಯನ್ನು ಕಂಡಾರು ಎಂದೂ ಸೇರಿಸುತ್ತಾನೆ.

ಕನ್ನಡ ಮಾಧ್ಯಮದಿಂದ ಬಂದಿದ್ದೇನೆ ಎಂದು ಅಳುಕಿನಿಂದ ಬರೆದಿದ್ದೀರಿ. ನಾನೂ ಅಲ್ಲಿಂದಲೇ ಬಂದವಳು, ಈ ಪುಸ್ತಕದ ಮಟ್ಟಿಗೆ ಅದು ಲಾಭವೇ ಆಯಿತು. ಓದುತ್ತಾ ಅಂಚಿನಲ್ಲಿ ಕನ್ನಡದಲ್ಲಿ ಸಾರಾಂಶ ಗೀಚುತ್ತಿದ್ದೆ. ಜೆಕಿಲ್ ‘ಅವರು’, ಹೈಡ್ ‘ಅವನು’. ವೈದ್ಯರಿಗೆ ಬಹುವಚನ, ಕೊಲೆಗಾರನಿಗೆ ಏಕವಚನ. ಯೋಚಿಸದೆಯೇ ಕೈ ಹಾಗೆ ಓಡಿತ್ತು. ಕೊನೆಯ ಅಧ್ಯಾಯದಲ್ಲಿ ಹೈಡ್ ಬೀದಿ ಅಲೆಯುವುದನ್ನು ಹೇಳುತ್ತಾ ಜೆಕಿಲ್, ಅವನು ಎನ್ನುತ್ತೇನೆ, ನಾನು ಎನ್ನಲಾರೆ ಎಂದು ನುಣುಚಿಕೊಳ್ಳುವ ಜಾಗ ಬಂತು. ಇಂಗ್ಲಿಷಿನಲ್ಲಿ ಸರ್ವನಾಮ ಬದಲಾಯಿಸಿದರೆ ಮುಗಿಯಿತು. ಕನ್ನಡದಲ್ಲಿ ಕ್ರಿಯಾಪದವೂ ಸಿಕ್ಕಿಬೀಳುತ್ತದೆ: ನಡೆದೆ, ನಡೆದನು, ನಡೆದರು. ಯಾವುದನ್ನು ಬರೆಯಲಿ? ಅರ್ಧ ಗಂಟೆ ಪೆನ್ನು ಹಿಡಿದು ಕುಳಿತಿದ್ದೆ. ಮರಳಿ ಬರೆದ ಪ್ರಬಂಧ ಅಲ್ಲಿಂದಲೇ ಶುರುವಾಯಿತು. 14 ಪುಟ, ಒಬ್ಬ ಹುಡುಗಿಯೂ ಇರಲಿಲ್ಲ. ಅಂಕ ಸಾಧಾರಣವೇ ಬಂತು, ತಡವಾಗಿ ಕೊಟ್ಟದ್ದಕ್ಕೆ ಕಡಿತವಿತ್ತು.

ಎರಡು ವಾರ ಧಾರಾಳವಾಗಿ ಸಾಕು, ಪುಸ್ತಕ ಚಿಕ್ಕದು. ಗೈಡನ್ನು ಯಾರಿಗಾದರೂ ಕೊಟ್ಟುಬಿಡಿ. ಇವತ್ತು ಮೊದಲ ಅಧ್ಯಾಯವನ್ನು ಮಾತ್ರ ಓದಿ. ಗಂಟೆಯಿಲ್ಲದ, ಬಡಿಯಲು ಕೊಂಡಿಯೂ ಇಲ್ಲದ ಒಂದು ಬಾಗಿಲಿನ ಮುಂದೆ ಇಬ್ಬರು ಗಂಡಸರು ನಿಂತು ಮಾತನಾಡುತ್ತಾರೆ. ಹೈಡ್‌ನ ಹೆಸರು ಅಧ್ಯಾಯ ಮುಗಿಯುವ ಹೊತ್ತಿಗೆ ಬರುತ್ತದೆ. ಜೆಕಿಲ್‌ನ ಹೆಸರನ್ನು ಇಬ್ಬರಲ್ಲಿ ಒಬ್ಬನೂ ಎತ್ತುವುದಿಲ್ಲ, ಇಬ್ಬರಿಗೂ ಅದು ಗೊತ್ತಿದ್ದರೂ.